ದಾಸವಾಳದ ಎಸಳಿನ ಸಾರ: ಲೋಳೆ ಬಿಟ್ಟು ಬಣ್ಣ ಉಳಿಸಿಕೊಳ್ಳುವುದು

ಕೆಂಪು ದಾಸವಾಳದಲ್ಲಿ ದೊಡ್ಡ ತಲೆನೋವು ಲೋಳೆ. ಬರೀ ನೀರಿನಲ್ಲಿ ನೆನೆಸಿದರೆ ಆಂಥೋಸಯಾನಿನ್ (ಎಸಳಿಗೆ ಕೆಂಪು ಕೊಡುವ ಬಣ್ಣದ ಅಂಶ) ಜೊತೆಗೆ ಲೋಳೆಯೂ ಇಳಿಯುತ್ತದೆ. ಸೋಸುವ ಕಾಗದದ ಮೇಲೆ ಅದು ಅಂಟಂಟಾಗಿ ಕೂತುಬಿಟ್ಟರೆ ವ್ಯಾಕ್ಯೂಮ್ ಹಾಕಿದರೂ ಹನಿ ಬೀಳುವುದಿಲ್ಲ. ಅದಕ್ಕೇ ನಾನು ಬಳಸುವುದು ಶೇ. 70ರ ಎಥನಾಲ್. ಇದರಲ್ಲಿ ಲೋಳೆಯ ಬಹುಪಾಲು ಕರಗದೆ ಪುಡಿಯಲ್ಲೇ ಉಳಿಯುತ್ತದೆ. ಹಾಗಂತ ನೀರನ್ನು ಪೂರ್ತಿ ಬಿಡುವಂತಿಲ್ಲ. ಜೀವಕೋಶದ ಗೋಡೆ ನೆನೆದು ಉಬ್ಬಲು ಅದು ಬೇಕು. ಅಪ್ಪಟ ಎಥನಾಲ್‌ನಲ್ಲಿ ಇಳುವರಿ ಕಡಿಮೆ.

ಎಸಳು ಮಾತ್ರ ಬಿಡಿಸಿಕೊಳ್ಳುತ್ತೇನೆ. ಹಸಿರು ತೊಟ್ಟು, ಪರಾಗದ ದಂಟು ಬೇಡ. ಹಸಿ ಎಸಳು ಜಜ್ಜಿಹೋದರೆ ಕಿಣ್ವಗಳು ಕೆಲಸ ಶುರುಮಾಡಿ ಕಂದು ಬಣ್ಣ ಬರುತ್ತದೆ. ಆದ್ದರಿಂದ ಕಿತ್ತ ದಿನವೇ ತೆಳುವಾಗಿ ಹರಡಿ, ಬಿಸಿಲು ತಾಗದಂತೆ 40–45 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸುತ್ತೇನೆ. ಎಸಳು ಬಾಗದೆ ಪಟ್ಟನೆ ಮುರಿದರೆ ಒಣಗಿದೆ ಎಂದರ್ಥ. ತೀರಾ ನುಣ್ಣಗೆ ಪುಡಿ ಮಾಡಿದರೆ ಸೋಸುವುದು ಮತ್ತೆ ಕಷ್ಟ, ಅರ್ಧ ಮಿಲಿಮೀಟರ್ ಸಾಕು.

ಶೇ. 95ರ ಎಥನಾಲ್ 74 ಮಿ.ಲೀ. ಅಳೆದು, ಡಿಸ್ಟಿಲ್ಡ್ ನೀರು ಹಾಕಿ, ಬೆರೆಸಿ, ತಣ್ಣಗಾದ ಮೇಲೆ 100ರ ಗೆರೆಗೆ ತುಂಬಿಸಬೇಕು. ಎರಡೂ ಬೆರೆತಾಗ ಬಿಸಿಯೇರಿ, ಆಮೇಲೆ ಒಟ್ಟು ಅಳತೆ ಕುಗ್ಗುತ್ತದೆ, 26 ಮಿ.ಲೀ. ನೀರು ಸುರಿದು ಸುಮ್ಮನಾದರೆ 100 ಆಗುವುದಿಲ್ಲ. ಇದಕ್ಕೆ ಅರ್ಧ ಗ್ರಾಂ ಸಿಟ್ರಿಕ್ ಆಮ್ಲ. ಆಮ್ಲವಿದ್ದರೆ ಆಂಥೋಸಯಾನಿನ್ ಕೆಂಪಾಗಿ ಗಟ್ಟಿಯಾಗಿ ನಿಲ್ಲುತ್ತದೆ. ಗಾಜಿನ ಪಾತ್ರೆಯೇ ಇರಲಿ, ಕಬ್ಬಿಣ ಅಥವಾ ಅಲ್ಯೂಮಿನಿಯಂ ತಾಗಿದರೆ ಬಣ್ಣ ನೇರಳೆಗೆ ತಿರುಗೀತು.

10 ಗ್ರಾಂ ಪುಡಿಗೆ 200 ಮಿ.ಲೀ. ದ್ರಾವಕ ಹಾಕಿ, ಬಾಯಿ ಮುಚ್ಚಿದ ಫ್ಲಾಸ್ಕನ್ನು 40 ಕಿಲೋಹರ್ಟ್ಸ್ ಅಲ್ಟ್ರಾಸೋನಿಕ್ ಬಾತ್‌ನಲ್ಲಿ (ಕಿವಿಗೆ ಕೇಳದ ಶಬ್ದದ ಅಲೆ ಹಾಯಿಸುವ ನೀರಿನ ತೊಟ್ಟಿ) 30 ನಿಮಿಷ ಇಡುತ್ತೇನೆ. ಬಾತ್‌ನ ನೀರು ತಾನಾಗಿಯೇ ಬಿಸಿಯಾಗುವುದರಿಂದ ಐಸ್ ಹಾಕಿ 45 ಡಿಗ್ರಿ ದಾಟದಂತೆ ನೋಡಿಕೊಳ್ಳಬೇಕು. ಗಂಟೆಗಟ್ಟಲೆ ಬಿಟ್ಟರೆ ಹೆಚ್ಚು ಸಿಗುತ್ತದೆ ಎನ್ನುವುದು ಭ್ರಮೆ. ಈ ಅಲೆಗಳಿಂದ ದ್ರವದಲ್ಲಿ ಏಳುವ ಸಣ್ಣ ಗುಳ್ಳೆಗಳು ಒಡೆಯುವಾಗ ಹುಟ್ಟುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಚುರುಕು ಕಣಗಳು ಇಳಿದ ಅಂಶವನ್ನೇ ಕೆಡಿಸುತ್ತವೆ. ಎಥನಾಲ್ ಆವಿಗೆ ಬೆಂಕಿ ಹತ್ತಬಹುದು, ಹತ್ತಿರ ಒಲೆ ಬೇಡ. ಮನೆಯ ಮೈಕ್ರೋವೇವ್ ಅಂತೂ ಬೇಡವೇ ಬೇಡ.

ಸೋಸಿದ ಸಾರವನ್ನು ರೋಟರಿ ಇವ್ಯಾಪೊರೇಟರ್‌ನಲ್ಲಿ (ಒತ್ತಡ ತಗ್ಗಿಸಿ ದ್ರಾವಕವನ್ನು ಆವಿ ಮಾಡುವ ಯಂತ್ರ) 40 ಡಿಗ್ರಿಗೆ ಇಂಗಿಸಿದರೆ ಎಥನಾಲ್ ವಾಪಸ್ ಬರುತ್ತದೆ, ಶೇಕಡಾವಾರು ಅಳೆದು ಮರುಬಳಸಬಹುದು. ಈಗ ಹೆಸರು ಮಾಡಿರುವ ಡೀಪ್ ಯೂಟೆಕ್ಟಿಕ್ ದ್ರಾವಕವನ್ನು (ಎರಡು ವಸ್ತು ಸೇರಿದಾಗ ಕರಗುವ ಬಿಂದು ಇಳಿದು ಆಗುವ ದ್ರವ) ಹೀಗೆ ಇಂಗಿಸಿ ವಾಪಸ್ ಪಡೆಯಲಾಗದು, ಅದೇ ಕೊರತೆ. ಕೋಲೀನ್ ಕ್ಲೋರೈಡ್ 14 ಗ್ರಾಂ, ಗ್ಲಿಸರಾಲ್ 18.4 ಗ್ರಾಂ ಸೇರಿಸಿ 80 ಡಿಗ್ರಿಯಲ್ಲಿ ಕಲಕಿದರೆ ತಿಳಿಯಾದ ದ್ರವವೇನೋ ಆಗುತ್ತದೆ, ಕಾಲುಭಾಗ ನೀರು ಬೆರೆಸಿದರೆ ಮಂದತನವೂ ತಗ್ಗುತ್ತದೆ. ಆದರೆ ಅದು ಆವಿಯಾಗದು. ಸಾರ ಬಿಡಿಸಲು ರೆಸಿನ್ ಕಾಲಮ್‌ಗೆ (ಸಾರದ ಅಂಶ ಅಂಟಿಕೊಳ್ಳುವ ರಾಳದ ಮಣಿ ತುಂಬಿದ ಕೊಳವೆ) ಹೋಗಬೇಕು, ಅಲ್ಲಿ ತೊಳೆದು ಇಳಿಸಲು ಮತ್ತೆ ಎಥನಾಲೇ ಬೇಕು. ಒಣ ಪುಡಿ ಬೇಕಾದಾಗ ನಾನು ಅದರ ಗೋಜಿಗೆ ಹೋಗುವುದಿಲ್ಲ.

ಇಳುವರಿ ತೂಗುವಾಗ ಒಂದು ಲೆಕ್ಕ: 200 ಮಿ.ಲೀ. ದ್ರಾವಕದಲ್ಲಿದ್ದ 1 ಗ್ರಾಂ ಸಿಟ್ರಿಕ್ ಆಮ್ಲ ಆವಿಯಾಗದೆ ಸಾರದಲ್ಲೇ ಇರುತ್ತದೆ. ಸೋಸುವಾಗ ಪುಡಿಯಲ್ಲಿ ನಿಂತ ದ್ರಾವಕದ ಪಾಲು ಬಿಟ್ಟು ಉಳಿದದ್ದನ್ನು ತೂಕದಿಂದ ಕಳೆಯಬೇಕು.

ಸಾರದಲ್ಲಿ ಫೀನಾಲ್ ಎಷ್ಟಿದೆ, ಆಂಟಿಆಕ್ಸಿಡೆಂಟ್ ಸಾಮರ್ಥ್ಯ ಎಷ್ಟಿದೆ ಎಂದು ನೋಡುವ ಪರೀಕ್ಷೆಯಲ್ಲಿ ದಾಸವಾಳ ಸುಲಭವಾಗಿ ಮೋಸಮಾಡುತ್ತದೆ. ಒಟ್ಟು ಫೀನಾಲ್ ಅಳೆಯುವ ಫೋಲಿನ್ ವಿಧಾನದಲ್ಲಿ, 765 ನ್ಯಾನೋಮೀಟರ್‌ನ ಬೆಳಕಿನಲ್ಲಿ, ವಿಟಮಿನ್ ಸಿ ಕೂಡ ಫೀನಾಲ್ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಆಂಟಿಆಕ್ಸಿಡೆಂಟ್ ತಾಗಿದರೆ ನೇರಳೆ ಬಣ್ಣ ಕಳೆದುಕೊಳ್ಳುವ, ಅಂದರೆ ರೀಡಿಂಗ್ ಇಳಿಯುವ ಡಿಪಿಪಿಎಚ್ ರಾಸಾಯನಿಕವನ್ನು ಅಳೆಯುವುದು 517ರಲ್ಲಿ, ಆಂಥೋಸಯಾನಿನ್ ಬೆಳಕು ಹೀರುವುದೂ ಹೆಚ್ಚುಕಡಿಮೆ ಅಲ್ಲೇ. ಸಾರದ ಕೆಂಪು ರೀಡಿಂಗನ್ನು ಏರಿಸಿ, ಇರುವುದಕ್ಕಿಂತ ಕಡಿಮೆ ಸಾಮರ್ಥ್ಯ ತೋರಿಸುತ್ತದೆ. ಅದಕ್ಕೆ ಪ್ರತಿ ಸಾಂದ್ರತೆಗೂ ಡಿಪಿಪಿಎಚ್ ಇಲ್ಲದ, ಸಾರ ಮತ್ತು ಮೆಥನಾಲ್ (ಡಿಪಿಪಿಎಚ್ ಕರಗಿಸುವ ದ್ರಾವಕ) ಮಾತ್ರವಿರುವ ಇನ್ನೊಂದು ಟ್ಯೂಬ್ ಇಟ್ಟು, ಅದರ ರೀಡಿಂಗ್ ಕಳೆಯುತ್ತೇನೆ.