ಸರ್ವರ್ ಆರಿಸುವ ಮುನ್ನ ಅಲ್ಲಿನ ಆಟಗಾರರನ್ನು ಗಮನಿಸಿ

ಆನ್‌ಲೈನ್ ಆಟಕ್ಕೆ ಹೊಸದಾಗಿ ಸೇರುವವರು ಸರ್ವರ್‌ಗಳ (ಒಂದೇ ಆಟ ಬೇರೆ ಬೇರೆಯಾಗಿ ನಡೆಯುವ ತಾಣಗಳ) ಪಟ್ಟಿ ತೆರೆದೊಡನೆ ‘ಶಿಫಾರಸು’ ಎಂಬ ಗುರುತಿರುವ ಹೆಸರನ್ನು ಒತ್ತಿ ಒಳಹೋಗುವುದನ್ನು ಮತ್ತೆ ಮತ್ತೆ ನೋಡಿದ್ದೇನೆ. ಬಹುತೇಕ ಆಟಗಳಲ್ಲಿ ಆ ಗುರುತಿನ ಅರ್ಥ ಅಲ್ಲಿ ಇನ್ನೂ ಜಾಗವಿದೆ ಎಂದಷ್ಟೇ. ಅಲ್ಲಿನವರು ಹೊಸಬರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದನ್ನು ಅದು ತಿಳಿಸುವುದಿಲ್ಲ. ವಾರಗಟ್ಟಲೆ ಪಾತ್ರವನ್ನು ಬೆಳೆಸಿದ ಮೇಲೆ, ತಾವು ಆಡುವ ಹೊತ್ತಿಗೆ ಡಂಜನ್‌ಗೆ (ಗುಂಪಾಗಿ ಹೋಗಿ ಹೋರಾಡುವ ಜಾಗ) ಬರಲು ನಾಲ್ಕು ಜನರೂ ಸಿಗುವುದಿಲ್ಲವೆಂದು ಗೊತ್ತಾಗಿ, ಅನೇಕರು ಆಟವನ್ನೇ ಬಿಟ್ಟುಬಿಡುತ್ತಾರೆ.

ಮೊದಲು, ನಿಮ್ಮ ಆಟದಲ್ಲಿ ಈ ಆಯ್ಕೆಗೆ ಎಷ್ಟು ತೂಕವಿದೆ ಎಂದು ತಿಳಿದುಕೊಳ್ಳಿ. ಓಲ್ಡ್ ಸ್ಕೂಲ್ ರೂನ್‌ಸ್ಕೇಪ್‌ನಲ್ಲಿ ಅದೇ ಪಾತ್ರದೊಂದಿಗೆ ಒಂದು ವರ್ಲ್ಡ್‌ನಿಂದ (ಅಲ್ಲಿ ಸರ್ವರ್‌ಗಿರುವ ಹೆಸರು) ಇನ್ನೊಂದಕ್ಕೆ ಹೋಗಬಹುದು. ಫೈನಲ್ ಫ್ಯಾಂಟಸಿ 14ರಲ್ಲಿ ಬೇರೆ ಡೇಟಾ ಸೆಂಟರ್‌ಗೆ (ಸರ್ವರ್‌ಗಳ ಗುಂಪು) ಹೋಗಿ ಆಡಿ ಹಿಂದಿರುಗುವ ಸೌಲಭ್ಯ 2022ರಲ್ಲಿ ಬಂದಿದೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್‌ನಲ್ಲಾದರೋ ಪಾತ್ರವನ್ನು ಬೇರೆ ಸರ್ವರ್‌ಗೆ ಒಯ್ಯಲು ಸಾಮಾನ್ಯವಾಗಿ ಹಣ ತೆರಬೇಕು. ಅಂಥ ಆಟಗಳಲ್ಲಿ ಅವಸರ ಮಾಡಬಾರದು.

ಮುಂದಿನದು ಪಿಂಗ್, ಅಂದರೆ ಸರ್ವರ್‌ಗೆ ಸಂದೇಶ ಹೋಗಿಬರಲು ಹಿಡಿಯುವ ಮಿಲಿಸೆಕೆಂಡ್‌ಗಳು. ಫೈಬರ್ ಕೇಬಲ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುವುದರಿಂದ, 10,000 ಕಿಲೋಮೀಟರ್ ದೂರದ ಸರ್ವರ್‌ಗೆ ಸಂದೇಶ ಹೋಗಿಬರಲು ಸುಮಾರು 100 ಮಿಲಿಸೆಕೆಂಡ್ ಬೇಕೇ ಬೇಕು. ಪಿಂಗ್ ಇಳಿಸುತ್ತೇವೆಂದು ಹಣ ಕೇಳುವ ಆ್ಯಪ್‌ಗಳು ಸುತ್ತುಬಳಸಿನ ಮಾರ್ಗವನ್ನು ತುಸು ನೇರಗೊಳಿಸಬಲ್ಲವೇ ಹೊರತು ಈ ದೂರವನ್ನು ಕುಗ್ಗಿಸಲಾರವು. ಅವುಗಳಿಗೆ ಹಣ ಸುರಿಯಬೇಡಿ. ಗುಂಡಿನ ಕಾಳಗದ ಆಟಗಳಿಗೆ ಹತ್ತಿರದ ಸರ್ವರೇ ಬೇಕು. ಉಳಿದ ಆಟಗಳಲ್ಲಿ, 30 ಪಿಂಗ್ ಇದ್ದು ಸದಾ ಜಗಳವಾಡುವ ಸರ್ವರ್‌ಗಿಂತ 150 ಪಿಂಗ್ ಇದ್ದು ಸೌಜನ್ಯದಿಂದ ನಡೆಯುವ ಸರ್ವರನ್ನೇ ಆರಿಸಿ.

ಹೆಚ್ಚಿನವರು ಎಡವುವುದು ಇಲ್ಲಿಂದ ಮುಂದೆ. ಎರಡು ಮೂರು ಸರ್ವರ್‌ಗಳನ್ನು ಗುರುತಿಸಿಕೊಂಡು, ಪ್ರತಿಯೊಂದರಲ್ಲೂ ತಾತ್ಕಾಲಿಕ ಪಾತ್ರವೊಂದನ್ನು ಮಾಡಿ, ನೀವು ನಿತ್ಯ ಆಡುವ ಹೊತ್ತಿನಲ್ಲೇ ಒಳಹೋಗಿ. ರಜಾದಿನ ಕಿಕ್ಕಿರಿದಿದ್ದ ಸರ್ವರ್ ವಾರದ ನಡುವಿನ ರಾತ್ರಿ ಬಣಗುಟ್ಟುತ್ತಿರಬಹುದು, ಏಕೆಂದರೆ ಅಲ್ಲಿನ ಬಹುಪಾಲು ಜನ ಬೇರೆ ಕಾಲವಲಯದವರಾಗಿರಬಹುದು. ಹೊಸಬರ ಪ್ರದೇಶದಲ್ಲೇ ನಿಲ್ಲದೆ ಮುಖ್ಯ ನಗರಕ್ಕೆ ಹೋಗಿ, ಹರಾಜಿನಲ್ಲಿ ದಿನಬಳಕೆಯ ಮದ್ದು, ಅದಿರುಗಳು ಹಲವರಿಂದ ಮಾರಾಟಕ್ಕೆ ಬಂದಿವೆಯೇ, ಒಬ್ಬಿಬ್ಬರೇ ಎಲ್ಲವನ್ನೂ ಹಿಡಿದಿಟ್ಟುಕೊಂಡಿದ್ದಾರೆಯೇ ನೋಡಿ. ಆಮೇಲೆ ಚಾಟ್ ಓದಿ. ಓದಿದರಷ್ಟೇ ಸಾಲದು, ನಿಮಗೆ ನಿಜವಾಗಿಯೂ ತಿಳಿಯದ ಸಣ್ಣ ಪ್ರಶ್ನೆಯೊಂದನ್ನು ಕೇಳಿ. ಯಾರಾದರೂ ಉತ್ತರಿಸುತ್ತಾರೆಯೇ, ಗೇಲಿ ಮಾಡುತ್ತಾರೆಯೇ, ಗೇಲಿ ಮಾಡಿದವರನ್ನು ಉಳಿದವರು ತಡೆಯುತ್ತಾರೆಯೇ ಎಂಬುದನ್ನು ಗಮನಿಸಿ. ಒರಟರಿಲ್ಲದ ಸರ್ವರ್ ಎಲ್ಲೂ ಇಲ್ಲವಾದ್ದರಿಂದ, ನಾನು ಹೆಚ್ಚು ಬೆಲೆ ಕೊಡುವುದು ಈ ಕೊನೆಯ ಸಂಗತಿಗೆ. ಒಂದೇ ದಿನ ನೋಡಿ ತೀರ್ಮಾನಿಸದೆ ಒಂದು ವಾರವಾದರೂ ಹೀಗೆ ಹೋಗಿಬನ್ನಿ.

ಎರಡು ಪಕ್ಷಗಳು ಕಾದಾಡುವ ಆಟವಾದರೆ ಅವುಗಳ ಸಮತೋಲವನ್ನೂ ವಿಚಾರಿಸಬೇಕು. ವಾರ್‌ಕ್ರಾಫ್ಟ್ ಕ್ಲಾಸಿಕ್‌ನ ಹಲವು ಪಿವಿಪಿ (ಆಟಗಾರರು ಪರಸ್ಪರ ಕಾದಾಡುವ) ಸರ್ವರ್‌ಗಳಲ್ಲಿ, ಸೋಲುತ್ತಿದ್ದ ಪಕ್ಷದವರು ಗುಂಪುಗುಂಪಾಗಿ ವಲಸೆ ಹೋಗಿ, ಕೊನೆಗೆ ಬಹುತೇಕ ಒಂದೇ ಪಕ್ಷ ಉಳಿಯಿತು.

ಆಟಗಾರರೇ ನಡೆಸುವ ಸರ್ವರ್‌ಗಳಲ್ಲಿ ನಿಯಮಗಳನ್ನು ಪೂರ್ತಿ ಓದಿ, ಬ್ಯಾನ್ ಆದವರಿಗೆ ಮೇಲ್ಮನವಿಯ ದಾರಿ ಇದೆಯೇ, ಮಾಡರೇಟರ್‌ಗಳ ಗೆಳೆಯರಿಗೂ ಅದೇ ನಿಯಮ ಅನ್ವಯಿಸುತ್ತದೆಯೇ ಎಂದು ತಿಳಿದುಕೊಳ್ಳಿ. ಮತಗಳ ಆಧಾರದ ‘ಅತ್ಯುತ್ತಮ ಸರ್ವರ್’ ಪಟ್ಟಿಗಳನ್ನು ನಂಬಬೇಡಿ, ಏಕೆಂದರೆ ಮತ ಹಾಕಿದವರಿಗೆ ಆಟದೊಳಗೆ ಬಹುಮಾನ ಕೊಡುವುದು ಅಲ್ಲಿ ಸಾಮಾನ್ಯ ರೂಢಿ. ಹಣ ಕೊಟ್ಟವರಿಗೆ ಬಲವಾದ ಆಯುಧ ಮಾರುವ ಮೈನ್‌ಕ್ರಾಫ್ಟ್ ಸರ್ವರ್‌ಗಳತ್ತ ತಲೆಹಾಕಲೇಬೇಡಿ. ಅಂಥ ಮಾರಾಟ ನಿಯಮಕ್ಕೆ ವಿರುದ್ಧವೆಂದು ಆ ಆಟದ ತಯಾರಕ ಮೊಜಾಂಗ್ 2014ರಲ್ಲೇ ಸ್ಪಷ್ಟಪಡಿಸಿತ್ತು. ರಸ್ಟ್ ಎಂಬ ಆಟ ಆಡುವವರು ವೈಪ್‌ನ (ಸರ್ವರನ್ನು ಅಳಿಸಿ ಹೊಸದಾಗಿ ಶುರುಮಾಡುವುದು) ದಿನಾಂಕ ನೋಡಿಕೊಂಡು, ಅದರ ಮರುದಿನದೊಳಗೆ ಸೇರಿದರೆ ಸಾಕು.

ಸರ್ವರ್ ಒಪ್ಪಿಗೆಯಾದರೆ ಅಲ್ಲಿನ ಗಿಲ್ಡ್‌ಗಳನ್ನು, ಅಂದರೆ ಆಟಗಾರರ ಸಂಘಗಳನ್ನು, ವಿಚಾರಿಸಿ. ಕಂಡಕಂಡವರಿಗೆಲ್ಲ ಆಹ್ವಾನ ಕಳುಹಿಸುವ ಗಿಲ್ಡ್‌ಗಿಂತ, ರೇಡ್‌ನ (ಹಲವರು ಸೇರಿ ನಡೆಸುವ ದೊಡ್ಡ ದಾಳಿ) ದಿನ, ವೇಳೆ ಮತ್ತು ಸಿಕ್ಕ ವಸ್ತುಗಳನ್ನು ಹಂಚುವ ಕ್ರಮವನ್ನು ಮೊದಲೇ ಬರೆದು ತಿಳಿಸುವ ಗಿಲ್ಡ್ ಉತ್ತಮ. ಅದರ ಸದಸ್ಯರೊಂದಿಗೆ ಎರಡು ಮೂರು ಬಾರಿ ಆಡಿ ನೋಡಿದ ಬಳಿಕವೇ ನಿಮ್ಮ ಮುಖ್ಯ ಪಾತ್ರವನ್ನು ಅಲ್ಲಿ ಬೆಳೆಸಲು ತೊಡಗಿ.