ಕಂಪ್ಯೂಟರ್ ಹ್ಯಾಂಗ್ ಆಯ್ತಾ? ಆಫ್ ಮಾಡುವ ಮೊದಲು ಐದು ನಿಮಿಷ ಕಾಯಿರಿ

ನಮ್ಮಕ್ಕ ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತಾರೆ. ಪರೀಕ್ಷೆಯ ಹಿಂದಿನ ವಾರ ಒಂದು ರಾತ್ರಿ ಫೋನ್ ಮಾಡಿದರು. "ಪ್ರಶ್ನೆಪತ್ರಿಕೆ ಟೈಪ್ ಮಾಡ್ತಿದ್ದೆ ಕಣೋ, ಎಲ್ಲಾ ನಿಂತೋಯ್ತು. ಬಟನ್ ಒತ್ತಿ ಆಫ್ ಮಾಡಿಬಿಡ್ಲಾ?"

"ಬೇಡ ಅಕ್ಕ, ಐದು ನಿಮಿಷ ಹಾಗೇ ಬಿಡು" ಎಂದೆ. ಕಂಪ್ಯೂಟರ್ ನಿಂತ ಹಾಗೆ ಕಂಡರೂ ಒಳಗೆ ಕೆಲಸ ನಡೆಯುತ್ತಿರಬಹುದು. ಆ ಹೊತ್ತಲ್ಲಿ ಆಫ್ ಮಾಡಿದರೆ ತೆರೆದಿರುವ ಫೈಲ್ ಹಾಳಾಗಬಹುದು. ಜೀವ ಇದೆಯೋ ಇಲ್ಲವೋ ನೋಡಲು ಕ್ಯಾಪ್ಸ್ ಲಾಕ್ ಕೀ ಒತ್ತಿ. ಅದರ ಪುಟ್ಟ ದೀಪ ಹತ್ತಿ ಆರುತ್ತಿದ್ದರೆ ಕಂಪ್ಯೂಟರ್ ನಿಮ್ಮ ಮಾತು ಕೇಳುತ್ತಿದೆ, ಸ್ವಲ್ಪ ಕಾಯಬಹುದು.

ಐದು ನಿಮಿಷವಾದರೂ ಸರಿಹೋಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ತೆರೆಯದಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ, ಬರುವ ಪಟ್ಟಿಯಲ್ಲಿ ಅದನ್ನು ಆರಿಸಿ. 'ನಾಟ್ ರೆಸ್ಪಾಂಡಿಂಗ್' ಎಂದು ತೋರಿಸುವ ಪ್ರೋಗ್ರಾಂ ಮೇಲೆ ಕ್ಲಿಕ್ ಮಾಡಿ 'ಎಂಡ್ ಟಾಸ್ಕ್' ಕೊಡಿ. ಮೊದಲು ಬ್ರೌಸರ್ ಮುಚ್ಚಿ. ಹತ್ತಿಪ್ಪತ್ತು ಟ್ಯಾಬ್ ತೆರೆದಿದ್ದರೆ ಮೆಮೊರಿ ತಿನ್ನುವುದು ಅದೇ ಜಾಸ್ತಿ. ವರ್ಡ್ ಅನ್ನು ಕೊನೆಗೆ ಇಟ್ಟುಕೊಳ್ಳಿ. ಸೆಟ್ಟಿಂಗ್ ಬದಲಿಸಿಲ್ಲದಿದ್ದರೆ ಅದು 10 ನಿಮಿಷಕ್ಕೊಮ್ಮೆ ಒಂದು ಪ್ರತಿ ಉಳಿಸಿಕೊಳ್ಳುತ್ತದೆ. ಮತ್ತೆ ತೆರೆದಾಗ ಆ ಪ್ರತಿ ಸಿಗುವ ಸಾಧ್ಯತೆ ಇರುತ್ತದೆ.

ಕೆಳಗಿನ ಟಾಸ್ಕ್‌ಬಾರ್ ಮಾತ್ರ ಮಾಯವಾಗಿದ್ದರೆ, ಟಾಸ್ಕ್ ಮ್ಯಾನೇಜರ್ ಪಟ್ಟಿಯಲ್ಲಿ 'ವಿಂಡೋಸ್ ಎಕ್ಸ್‌ಪ್ಲೋರರ್' ಹುಡುಕಿ 'ರೀಸ್ಟಾರ್ಟ್' ಕೊಟ್ಟರೆ ಸಾಕು. ಪರದೆ ಪೂರ್ತಿ ಕಪ್ಪಾಗಿದ್ದರೆ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಜೊತೆಗೆ ಬಿ ಒತ್ತಿ ನೋಡಿ. ಇದು ಗ್ರಾಫಿಕ್ಸ್ ಡ್ರೈವರನ್ನು ಹೊಸದಾಗಿ ಶುರು ಮಾಡುತ್ತದೆ, ತೆರೆದ ಫೈಲ್‌ಗಳಿಗೆ ಏನೂ ಆಗುವುದಿಲ್ಲ.

ಯಾವುದಕ್ಕೂ ಬಗ್ಗದಿದ್ದರೆ ಮಾತ್ರ ಪವರ್ ಬಟನ್. ಸುಮಾರು 10 ಸೆಕೆಂಡ್ ಒತ್ತಿ ಹಿಡಿಯಿರಿ. ಆದರೆ ಪರದೆಯ ಮೇಲೆ ಅಪ್‌ಡೇಟ್ ನಡೆಯುತ್ತಿದೆ ಎಂದಿದ್ದರೆ, ದಯವಿಟ್ಟು ಮುಟ್ಟಬೇಡಿ.

ಅಕ್ಕನ ಲ್ಯಾಪ್‌ಟಾಪ್ ಮತ್ತೆ ಶುರುವಾದ ಮೇಲೆ ಸಿ ಡ್ರೈವ್ ನೋಡಲು ಹೇಳಿದೆ. ಎಷ್ಟು ತುಂಬಿದೆ ಎಂದು ತೋರಿಸುವ ಪಟ್ಟಿ ಕೆಂಪಾಗಿತ್ತು. 128 ಜಿಬಿ ಎಸ್‌ಎಸ್‌ಡಿ (ಫೈಲ್ ಉಳಿಸುವ ಡಿಸ್ಕ್), ವಿಂಡೋಸ್ ಲೆಕ್ಕದಲ್ಲಿ 119 ಜಿಬಿ. ಅದರಲ್ಲಿ 1 ಜಿಬಿಯೂ ಖಾಲಿ ಇರಲಿಲ್ಲ. ರ‍್ಯಾಮ್ (ಕೆಲಸ ನಡೆಯುವಾಗ ಬಳಸುವ ಮೆಮೊರಿ) ತುಂಬಿದಾಗ ವಿಂಡೋಸ್ ಡಿಸ್ಕಿನ ಒಂದಷ್ಟು ಜಾಗವನ್ನೇ ಮೆಮೊರಿಯಂತೆ ಬಳಸುತ್ತದೆ. ಆ ಜಾಗವೂ ಇಲ್ಲದಿದ್ದರೆ ಪ್ರೋಗ್ರಾಂಗಳು ತಡವರಿಸುತ್ತವೆ, ಕೆಲವು ನಿಂತೇ ಹೋಗುತ್ತವೆ. ಡ್ರೈವಿನ ಏಳನೇ ಒಂದು ಭಾಗ ಖಾಲಿ ಇಡುವುದು ನನ್ನ ರೂಢಿ.

ಜಾಗ ಬಿಡಿಸಲು ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್‌ಗೆ ಹೋಗಿ 'ಟೆಂಪರರಿ ಫೈಲ್ಸ್' ತೆರೆಯಿರಿ. ಇಲ್ಲಿ ನಿಧಾನ ಮಾಡಿ. ಆ ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಎಂಬ ಸಾಲೂ ಇರುತ್ತದೆ. ಹೆಸರು ಟೆಂಪರರಿ ಅಂತಿದೆಯಲ್ಲ ಎಂದು ಅದಕ್ಕೂ ಟಿಕ್ ಹಾಕಿದರೆ ಆ ಫೋಲ್ಡರ್‌ನಲ್ಲಿರುವ ಅಂಕಪಟ್ಟಿ, ಫೋಟೊ, ರಸೀದಿ ಎಲ್ಲವೂ ಹೋಗುತ್ತದೆ. ಆ ಟಿಕ್ ತೆಗೆಯಿರಿ. 'ಪ್ರೀವಿಯಸ್ ವಿಂಡೋಸ್ ಇನ್‌ಸ್ಟಾಲೇಶನ್' ಎಂಬುದು ಹಲವು ಜಿಬಿ ಹಿಡಿದಿರಬಹುದು. ಹೊಸ ಆವೃತ್ತಿ ಸರಿಯಾಗಿ ನಡೆಯುತ್ತಿದ್ದರೆ ಅಳಿಸಿ, ಆದರೆ ಮತ್ತೆ ಹಳೆಯದಕ್ಕೆ ಮರಳಲು ಆಗದು. ರೀಸೈಕಲ್ ಬಿನ್ ಕೂಡ ಖಾಲಿ ಮಾಡಿ. ಅಳಿಸಿದ ಫೈಲ್ ಅಲ್ಲಿ ಕುಳಿತಿರುವ ತನಕ ಜಾಗ ಬಿಡುವುದಿಲ್ಲ.

ದೊಡ್ಡ ಫೈಲ್ ಹುಡುಕಲು ಒಂದು ಸುಲಭ ದಾರಿ ಇದೆ. ಸಿ ಡ್ರೈವ್ ತೆರೆದು ಮೇಲಿನ ಹುಡುಕು ಪೆಟ್ಟಿಗೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಸೈಜ್, ನಂತರ ಎರಡು ಚುಕ್ಕೆಯ ಕೋಲನ್, ನಂತರ ಹ್ಯೂಜ್ ಎಂದು ಜಾಗ ಬಿಡದೆ ಟೈಪ್ ಮಾಡಿ. 1ರಿಂದ 4 ಜಿಬಿ ತನಕದ ಫೈಲ್‌ಗಳೆಲ್ಲ ಎದುರಿಗೆ ಬರುತ್ತವೆ. ಅಕ್ಕನ ಹತ್ತಿರ ಶಾಲಾ ವಾರ್ಷಿಕೋತ್ಸವದ ವಿಡಿಯೊ ಮೂರು ಕಡೆ ಇತ್ತು. ಒಂದನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕಿ, ಅಲ್ಲಿ ತೆರೆಯುತ್ತದೆ ಎಂದು ನೋಡಿದ ಮೇಲೆ ಉಳಿದವನ್ನು ಅಳಿಸಿದೆವು. ನಿಮ್ಮದಲ್ಲದ, ಗುರುತು ಸಿಗದ ಫೈಲ್ ಕಂಡರೆ ಬಿಟ್ಟುಬಿಡಿ.

ವಿಂಡೋಸ್ ಫೋಲ್ಡರ್ ಒಳಗೆ ಕೈ ಹಾಕಬೇಡಿ. ಅಲ್ಲಿನ ಫಾಂಟ್ಸ್ ಕೂಡ ಹಾಗೇ ಇರಲಿ. ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ'ಯ ಹಳೆಯ ಫಾಂಟ್ ತೆಗೆದರೆ ಸಿಗುವುದು ಬಹಳ ಕಡಿಮೆ ಜಾಗ. ಆದರೆ ಆ ಫಾಂಟಿನಲ್ಲಿ ಟೈಪ್ ಮಾಡಿದ ವರ್ಷಗಟ್ಟಲೆಯ ಕಡತ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. 'ಕ್ಲಿಕ್ ಮಾಡಿ, ವೇಗ ಹೆಚ್ಚಿಸಿ' ಎನ್ನುವ ಕ್ಲೀನರ್ ತಂತ್ರಾಂಶಗಳೂ ಬೇಡ.

ಕೊನೆಗೆ ಸ್ಟೋರೇಜ್ ಪುಟದಲ್ಲೇ 'ಸ್ಟೋರೇಜ್ ಸೆನ್ಸ್' ಆನ್ ಮಾಡಿ, ಅದು ಬೇಡದ ಫೈಲ್‌ಗಳನ್ನು ತಾನಾಗಿಯೇ ಅಳಿಸುತ್ತದೆ. ಡೌನ್‌ಲೋಡ್ಸ್ ಎದುರಿಗೆ 'ನೆವರ್' ಇರಲಿ. ಜಾಗ ಇದ್ದರೂ ಮತ್ತೆ ಮತ್ತೆ ಹ್ಯಾಂಗ್ ಆಗುತ್ತಿದ್ದರೆ, ಹಳೆಯ ಹಾರ್ಡ್ ಡಿಸ್ಕ್ ಟಕ್ ಟಕ್ ಸದ್ದು ಮಾಡುತ್ತಿದ್ದರೆ, ಡಿಸ್ಕೇ ಕೆಡುತ್ತಿರಬಹುದು. ಆಗ ಸ್ವಚ್ಛತೆ ನಿಲ್ಲಿಸಿ. ಬೇಕಾದ ಫೈಲ್‌ಗಳನ್ನು ಮೊದಲು ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಂಡು, ಆಮೇಲೆ ರಿಪೇರಿ ಅಂಗಡಿಗೆ ಹೋಗಿ.