ಜೀನ್ಸ್ ಚಿಂದಿ, ಇಳಕಲ್ ಸೆರಗು, ಕಿರ್ದಿ ಹಾಳೆ: ನನ್ನ ಅನುಭವ

ಹಳೇ ಬಟ್ಟೇಲಿ ಗೋಡೆಗೆ ಹಾಕೋ ಆರ್ಟ್ ಮಾಡ್ಬೇಕು ಅಂತ ಬರೋರು ಮೊದ್ಲು ಕೇಳೋದೇ ಡಿಸೈನು. ಡಿಸೈನ್ ಆಮೇಲೆ ನೋಡನ, ಹಳೇ ಬಟ್ಟೆಗೆ ಆಸರೆಯಾಗಿ ಹಿಂದುಗಡೆ ಯಾವ ಬಟ್ಟೆ ಕೊಡ್ತೀರಿ ಮೊದ್ಲು ಹೇಳ್ರಿ ಅಂತೀನಿ ನಾನು. ವರ್ಷಗಟ್ಟಲೆ ಟ್ರಂಕಿನಾಗೆ ಇದ್ದ ಸೀರೆ ನೋಡಾಕೆ ಚೆಂದಿರ್ತದೆ, ಆದ್ರೆ ಮಡಿಕೆ ಬಿದ್ದ ಗೆರೆಯಾಗೆ ದಾರ ಸತ್ತೋಗಿರ್ತದೆ, ಅದನ್ನ ಹಂಗೇ ಎಳೆದು ಫ್ರೇಮಿಗೆ ಬಿಗಿದ್ರೆ ಆ ಗೆರೆ ಹಿಡ್ಕಂಡೇ ಪರ್ ಅಂತದೆ.

ಬಳ್ಳಾರಿಲಿ ಹಿಂದುಗಡೆ ಕೊಡೋ ಬಟ್ಟೆಗೆ ಬರ ಇಲ್ಲ ಬಿಡ್ರಿ. ಜೀನ್ಸ್ ಹೊಲಿಯೋ ಊರು, ಕಟಿಂಗ್ ಟೇಬಲ್ ಕೆಳಗೆ ಬಿದ್ದ ಚಿಂದಿ ಮೂಟೆಗಟ್ಟಲೆ ಸಿಗ್ತದೆ. ಎಳೆದು ನೋಡಿ ತಗಳ್ರಿ, ಹಿಗ್ಗಿದ್ರೆ ಅದ್ರಾಗೆ ಲೈಕ್ರಾ ಐತೆ ಅಂತ ಅರ್ಥ, ಬ್ಯಾಡ, ಮುಂದಿನ ಬಟ್ಟೆ ಸುಕ್ಕು ಬರ್ತದೆ. ಗಟ್ಟಿ ಹತ್ತಿ ಡೆನಿಮ್ ಸಿಕ್ರೆ ಬಿಸಿನೀರಿಗೆ ಹಾಕಿ ನೀಲಿ ಬಿಡೋದು ನಿಲ್ಲೋವರ್ಗೂ ತೊಳೀರಿ, ಇಲ್ಲಾಂದ್ರೆ ಪಕ್ಕದ ಬಿಳಿ ಬಟ್ಟೆಗೆಲ್ಲ ಹತ್ತುತ್ತದೆ.

ನಾನು ಮಾಡಿದ ದೊಡ್ಡ ಪೀಸಿಗೆ ಅಜ್ಜಿದೊಂದು ಇಳಕಲ್ ಸೀರೆ ಇತ್ತು. ಇಳಕಲ್ದಾಗೆ ಒಡಲು ಬೇರೆ ಸೆರಗು ಬೇರೆ, ಒಡಲು ಹತ್ತಿ, ಸೆರಗು ರೇಷ್ಮೆ, ಎರಡೂ ಸೇರೋ ಕಡೆ ಎಳೆಗೆ ಎಳೆ ಕೊಂಡಿ ಹಾಕಿರ್ತಾರೆ. ಭೂತಗನ್ನಡಿ ಹಿಡಿದು ನೋಡ್ರಿ, ಕೆಂಪು ರೇಷ್ಮೆ ಎಳೆ ಬಂದು ಹತ್ತಿ ಎಳೆನ ಸುತ್ತಿ ವಾಪಸ್ ಹೋಗಿರ್ತದೆ, ಸಾಲಿಗೆ ಸಾಲೇ ಹಂಗೆ. ನಂಗೆ ಬೇಕಾಗಿದ್ದು ಅದೇ ಜಾಗ, ಅದ್ಕೇ ಆ ಕೂಡು ನಡುವೆ ಬರಂಗೆ ಆ ಕಡೆ ಒಂದು ಗೇಣು ಈ ಕಡೆ ಒಂದು ಗೇಣು ಬಿಟ್ಟು ಕತ್ತರಿಸ್ದೆ, ಮಿಕ್ಕಿದ್ದು ಮನೇಲೇ ಐತೆ.

ಹೊಲಿಗೆ ಮಾತ್ರ ಕೌದಿ (ಹಳೇ ಬಟ್ಟೆ ಪದರ ಸೇರಿಸಿ ಹೊಲಿಯೋ ಹೊದಿಕೆ) ಹೊಲಿಗೇನೆ, ಬೇರೆ ಏನೂ ಬ್ಯಾಡ. ಡೆನಿಮ್ ಕೆಳಗೆ, ನಡುವೆ ಹಳೇ ಧೋತರ, ಮೇಲೆ ಸೀರೆ, ಮೂರನ್ನೂ ದೊಡ್ಡ ಟಾಕು ಹಾಕಿ ಮೊದ್ಲು ಹಿಡಿದು ಆಮೇಲೆ ಮೂಲೆಯಿಂದ ಶುರುಮಾಡಿ ಅಂಚು ಹಿಡ್ಕಂಡು ಸುತ್ತಿ ಸುತ್ತಿ ಒಳಗೆ ಹೋಗ್ತಾ ಸಣ್ಣ ಟಾಕು ಹಾಕದು. ಒಂದೊಂದು ಟಾಕಿಗೂ ಸತ್ತ ದಾರದ ಭಾರ ಕೆಳಗಿನ ಬಟ್ಟೆ ಮ್ಯಾಲೆ ಹೋಗ್ತದೆ. ದಾರಕ್ಕೆ ಜೇನುಮೇಣ ಸವರಿಕಳ್ರಿ, ಗಂಟು ಬೀಳಲ್ಲ. ಮಿಷನ್ ಹೊಡೀಬಾರ್ದಾ ಅಂತಾರೆ, ಡೆನಿಮ್ಮಿಗೆ ಹಾಕೋ 16ರ ದಪ್ಪ ಸೂಜಿ ಹಳೇ ರೇಷ್ಮೆನ ಜರಡಿ ಮಾಡಿಡ್ತದೆ, ಬ್ಯಾಡ.

ಇನ್ನ ಈ ಪೀಸಿಗೆ ಸೇರಿಸಿದ ಕಾಗದ. ತಾತನ ಅಡತಿ ಅಂಗಡಿ ಕಿರ್ದಿ, ಅಂದ್ರೆ ದಿನದ ಲೆಕ್ಕದ ಪುಸ್ತಕದ್ದು, ಹತ್ತಿ ಬೋರಗಳ ಲೆಕ್ಕ. ಬಟ್ಟೆಗೆ ಸೂಜಿ ಹೋದ್ರೆ ಎಳೆ ಮತ್ತೆ ಮುಚ್ಕಂತದೆ, ಕಾಗದಕ್ಕೆ ಬಿದ್ದ ತೂತು ಬಿದ್ದಂಗೇ, ಒತ್ತೊತ್ತಾಗಿ ಹೊಲಿದ್ರೆ ಅಂಚೆ ಸ್ಟಾಂಪ್ ತರ ಹರಿದು ಕೈಗೆ ಬರ್ತದೆ. ಮೈದಾ ಅಂಟು ಹಾಕಿದ್ರೆ ಬೆಳ್ಳಿಹುಳಕ್ಕೆ ಊಟ ಇಟ್ಟಂಗೆ, ಮೇಲಾಗಿ ತ್ಯಾವಕ್ಕೆ ಶಾಯಿ ಹರಡ್ತದೆ. ಅದ್ಕೇ ನಾನು ಅಂಟೇ ಬಿಟ್ಟೆ, ಹಳೇ ನೈಲೆಕ್ಸ್ ಸೀರೆ ತುಂಡು ಮೇಲೆ ಹಾಸಿ ಕಾಗದದ ಹೊರಗಡೆ ಸುತ್ತಲೂ ಹೊಲಿದೆ. ತೆಳ್ಳಗಿರೋದ್ರಿಂದ ಒಳಗಿನ ಅಕ್ಷರ ಕಾಣ್ತದೆ, ಕಾಗದಕ್ಕೆ ಒಂದು ತೂತಿಲ್ಲ, ನಾಳೆ ಬೇಕಂದ್ರೆ ಬಿಚ್ಚಿ ತೆಗೀಬಹುದು.

ಕಪ್ಪು ಬಣ್ಣ ಮನೇಲೇ ಮಾಡ್ಕಂಡೆ. ಗುಜರಿ ಮೊಳೆ, ಲಾಳ, ಬೆಲ್ಲ, ನೀರು ಮಡಕೇಲಿ ಹಾಕಿ ಎರಡು ವಾರ ಹುಳಿ ಬರಾಕೆ ಬಿಡೋದು, ಬಟ್ಟೆ ಮೇಲೆ ಚಿತ್ರ ಬರೆಯೋ ಕಲಂಕಾರಿಯವರ ಕಪ್ಪೂ ಇದೇ ದಾರಿದು. ಅಳಲೆಕಾಯಿ ನೀರಲ್ಲಿ ಅದ್ದಿ ಒಣಗಿಸಿದ ಬಟ್ಟೆ ಮೇಲೆ ಈ ಹುಳಿನೀರಿನ ಬ್ರಷ್ ಎಳೆದ್ರೆ ಕಣ್ಣೆದುರಿಗೇ ಕಪ್ಪಾಗ್ತದೆ. ಆದ್ರೆ ಕಬ್ಬಿಣ ನಿಧಾನಕ್ಕೆ ನೂಲನ್ನ ತಿಂತದೆ, ಹಳೇ ರೇಷ್ಮೆ ಹತ್ರ ತರಬ್ಯಾಡ್ರಿ, ಗಟ್ಟಿ ಹತ್ತಿಗಷ್ಟೇ, ಅದೂ ಚೆನ್ನಾಗಿ ಜಾಲಿಸಿ.

ಸಂಡೂರಿನ ಲಂಬಾಣಿ ಕಸೂತಿ ಹಾಕ್ಲಿಲ್ವಾ ಅಂತ ಕೇಳ್ತಾರೆ. 2010ರಲ್ಲಿ ಜಿಐ ಟ್ಯಾಗ್ (ಇಂಥ ಊರಿನದೇ ಅನ್ನೋ ಗುರುತು) ಬಂದಿರೋ ಕಲೆ ಅದು, 14 ತರ ಟಾಕು, ಕಿಲಾನ್, ವೇಲೆ, ಮಾಕಿ, ಅದ್ರಾಗೆ ಒಂದರ ಹೆಸರು ಕೌದಿ ಅಂತಾನೇ ಐತೆ. ಹಳೇ ಫೇಟಿಯಾ (ಲಂಬಾಣಿ ಹೆಂಗಸರ ಲಂಗ) ಕೊಂಡು ಕತ್ತರಿಸಿ ಕನ್ನಡಿ ಕವಡೆ ಕಿತ್ಕಳೋರ್ನ ನೋಡೀನಿ, ಹೊಟ್ಟೆ ಉರಿತದೆ. ಬೇಕಂದ್ರೆ ಹೊಲಿಯೋರ ಹತ್ರನೇ ಹೊಸದು ಹೊಲಿಸ್ಕಂಡು ದುಡ್ಡು ಕೊಡ್ರಿ.

ಕೊನೆಗೆ ತೂಕ. ಡೆನಿಮ್ ಭಾರ ಜಾಸ್ತಿ, ಎರಡು ಮೂಲೆಗೆ ರಿಂಗ್ ಹಾಕಿ ತೂಗಾಕಿದ್ರೆ ನಡುವೆ ಜೋಲು ಬೀಳ್ತದೆ. ಹಿಂದೆ ಪೂರ್ತಿ ಅಗಲಕ್ಕೆ ಅಂಗಿ ತೋಳಿನ ತರ ಬಟ್ಟೆ ಕೊಳವೆ ಹೊಲಿದು ಅದ್ರಾಗೆ ಕಟ್ಟಿಗೆ ಪಟ್ಟಿ ತೂರಿಸ್ರಿ. ನಮ್ಮೂರ ಬಿಸಿಲು ಬೀಳೋ ಗೋಡೆ ಬ್ಯಾಡ, ಬಣ್ಣ ಹೋಗ್ತದೆ. ತೊಳಿಯಂಗಂತೂ ಇಲ್ಲ, ಕೆಂಧೂಳು ಕೂತ್ರೆ ವ್ಯಾಕ್ಯೂಮ್ ಬಾಯಿಗೆ ತೆಳು ಬಟ್ಟೆ ಕಟ್ಟಿ ಕಮ್ಮಿ ಸ್ಪೀಡಲ್ಲಿ ಮುಟ್ಟಿಸದೆ ಮೇಲಿಂದ ಎಳೀರಿ, ಒದ್ದೆ ಬಟ್ಟೇಲಿ ಒರೆಸಾಕೆ ಮಾತ್ರ ಯಾರಿಗೂ ಬಿಡಬ್ಯಾಡ್ರಿ.